ಕೊಂಬಿನ ಕಬ್ಬಿಣದ ಟೊಪಗಿ

ಸಾವಿರದ ಒಂಬೈನೂರಾ ಎಪ್ಪತ್ತೊಂದರಲ್ಲಿ ನಾನು ಸಾಲಿ ಬಿಟ್ಟೆ. ಆರನೇ ಇಯತ್ತೆ, ಅದೂ ಅರ್ಧಕ್ಕೆ. ಅಪ್ಪ ತೀರಿಕೊಂಡಿದ್ದ, ಮನೆಯಲ್ಲಿ ದುಡಿಯುವ ಕೈ ಅವ್ವನದೊಂದೇ ಇತ್ತು. ಹೀಗೆ ಹೇಳಿದರೆ ಕೇಳಿದವರು ‘ಪಾಪ’ ಅನ್ನುತ್ತಾರೆ. ನನಗೆ ಪಾಪ ಅನ್ನಿಸಿಕೊಳ್ಳುವುದು ಸೇರುವುದಿಲ್ಲ. ಸಾಲಿ ನನ್ನನ್ನು ಬಿಡಲಿಲ್ಲ, ನಾನೇ ಸಾಲಿ ಬಿಟ್ಟೆ.

ಬಿಟ್ಟವನು ಸವಣೂರಿಗೆ ಹೋಗಿ ತಗಡಿನ ಕೆಲಸದ ಉಸ್ತಾದರ ಕೈಕೆಳಗೆ ಏಳು ವರ್ಷ ಕೂತೆ. ಕತ್ತರಿ ಹಿಡಿಯುವುದು, ಬೆಸುಗೆ ಹಾಕುವುದು, ಬಕೀಟು, ಎಣ್ಣಿ ಹೊಯ್ಯುವ ಲಾಳಿಕಿ, ಡಬ್ಬಿ ಎಲ್ಲಾ ಅಲ್ಲೇ ಕಲಿತೆ. ಆಮೇಲೆ ಹಿರೇಕೆರೂರಿಗೆ ಬಂದು ಸೈಕಲ್ಲಿನ ಹಿಂದೆ ಇದ್ದಲಿ ಶಿಗಡಿ ಕಟ್ಟಿಕೊಂಡು ಊರೂರು ತಿರುಗಲು ಶುರು ಮಾಡಿದೆ. ಇವತ್ತು ಹಂಸಭಾವಿ, ನಾಳೆ ಚಿಕ್ಕೇರೂರು, ನಾಡದ್ದು ರಟ್ಟೀಹಳ್ಳಿ. ಸೋರುವ ಕೊಡ, ತಳ ಹೋದ ಬಕೀಟು, ಏನು ಕೊಟ್ಟರೂ ಸಂಜೆಯೊಳಗೆ ತ್ಯಾಪಿ ಹಚ್ಚಿ ನೀರು ತುಂಬಿ ತೋರಿಸಿಯೇ ಕೊಡುತ್ತಿದ್ದೆ. ನಾನು ಹಚ್ಚಿದ ತ್ಯಾಪಿ ಬಿಚ್ಚಿತು ಅಂತ ಯಾರೂ ತಿರುಗಿ ಬಂದಿದ್ದಿಲ್ಲ.

ಎಂಬತ್ತೊಂದರಲ್ಲಿ ಹಾನಗಲ್ಲಿನ ಕಡೆಯಿಂದ ಹೆಣ್ಣು ತಂದೆ. ಮರುವರ್ಷ ಚೊಚ್ಚಲ ಹೆರಿಗೆಗೆ ಹೋದ ಹೆಂಡತಿ ಕೂಸಿಗೆ ಐದು ತಿಂಗಳಾದರೂ ಬರಲಿಲ್ಲ. ಕರಕೊಂಡು ಬರಲು ಹೋದರೆ ನಮ್ಮ ಮಾವ ಬಾಗಿಲಲ್ಲೇ ಕುಂತಿದ್ದರು.

“ಕುಂತ್ರಿ ಅಳ್ಯಾರ. ಚಾ ಕುಡೀರಿ. ಆದ್ರ ಮಗಳನ್ನ ಈಗ ಕಳಸಂಗಿಲ್ಲ.”

“ಯಾಕ್ರಿ ಮಾವಾರ?”

“ಊರಾಗ ಮಂದಿ ಕೇಳ್ತಾರ, ನಿಮ್ಮ ಅಳಿಯಾ ಏನ ಮಾಡ್ತಾನಂತ. ಏನ ಹೇಳ್ಲಿ? ಊರೂರು ತಿರಗಿ ಮಂದಿ ಕೊಡಕ್ಕ ತ್ಯಾಪಿ ಹಚ್ತಾನ ಅಂತ ಹೇಳ್ಲಾ? ನಿಮ್ಮ ಕೈಲೆ ಆದದ್ದು ಒಂದು ವಸ್ತು ತೋರಸ್ರಿ. ಇದು ನಂದು ಅನ್ನೋವಂಥಾದ್ದು. ಅವತ್ತ ನಾನ ತಂದು ಬಿಟ್ಟು ಹೋಗ್ತೇನಿ.”

ಒಳಗೆ ಕೂಸು ಅಳುತ್ತಿತ್ತು. ಹೆಂಡತಿ ಬಾಗಿಲ ಸಂದಿಯಿಂದ ನೋಡಿದಳು. ನಾನು ಚಾ ಕುಡಿಯದೆ ಎದ್ದು ಬಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ. ಬಕೀಟು ಮಾಡಿದರೆ ಪೇಟೆಯಲ್ಲಿ ಅಂಥವು ನೂರು ಸಿಗುತ್ತವೆ. ಇದು ನಂದು ಅನ್ನುವಂಥಾದ್ದು ಅಂದರೆ ಎಂಥಾದ್ದು?

ಅದೇ ತಿಂಗಳು ನಮ್ಮೂರ ಮಾಸ್ತರೊಬ್ಬರು ಒಂದು ಇಂಗ್ಲಿಷ್ ಪುಸ್ತಕ ಬಗಲಲ್ಲಿಟ್ಟುಕೊಂಡು ಮನೆಗೆ ಬಂದರು. ಅವರೊಂದು ನಾಟಕ ಬರೆದಿದ್ದರು, ತರುಣರನ್ನು ಕೂಡಿಸಿ ಆಡಿಸುವವರಿದ್ದರು. ಪುಸ್ತಕ ತೆಗೆದು ಚಿತ್ರ ತೋರಿಸಿದರು. ಗಡ್ಡದ ಮನುಷ್ಯ, ತಲೆಯ ಮೇಲೆ ಕಬ್ಬಿಣದ ಟೊಪಗಿ, ಟೊಪಗಿಗೆ ಎರಡು ಕೊಂಬು.

“ಇವರು ವೈಕಿಂಗ್ ಅಂತ. ಹಡಗದಾಗ ಬಂದು ಊರು ಸುಲಿಯೋ ಮಂದಿ. ಇಂಥಾ ಶಿರಸ್ತ್ರಾಣ ಬೇಕು ನಮ್ಮ ರಾಜಗ. ರಟ್ಟಿಂದ ಬ್ಯಾಡ, ಖರೇ ಕಬ್ಬಿಣದ್ದ ಬೇಕು. ಹೊಡದ್ರ ಖಣ್ ಅನಬೇಕು.”

“ಇವರು ದೇವರೋ, ರಾಕ್ಷಸರೋ ರಿ?”

“ಎರಡೂ ಅಲ್ಲ. ಮನಷ್ಯಾರು.”

“ಮನಷ್ಯಾರಿಗೆ ಕೊಂಬ್ಯಾಕ?”

ಮಾಸ್ತರು ಸ್ವಲ್ಪ ಹೊತ್ತು ಚಿತ್ರ ನೋಡಿದರು. “ಹೆದರಸಾಕ ಇರಬೇಕು.”

“ಮೂಗಿನ ಮ್ಯಾಲೆ ಈ ಪಟ್ಟಿ?”

“ಮೂಗಿಗೆ ಪೆಟ್ಟು ಬೀಳಬಾರದಲ್ಲೋ.”

“ಬಾಯಿಗೆ ಬಿದ್ರ?”

“ಏ ತಮ್ಮಾ, ನೀ ಮಾಡ್ತೀಯೋ ಇಲ್ಲೋ ಹೇಳು.”

ಮಾಡುತ್ತೇನೆ ಅಂದೆ. ನಮ್ಮ ಕಡೆ ಯಾರೂ ಮಾಡದ ವಸ್ತು ತಾನಾಗಿಯೇ ಮನೆ ಬಾಗಿಲಿಗೆ ಬಂದಿತ್ತು. ಹಾನಗಲ್ಲಿಗೆ ಒಂದು ಕಾರ್ಡು ಹಾಕಿದೆ: ನಾಟಕದ ದಿವಸ ತಾವು ಬರಬೇಕು, ನಾನು ಮಾಡಿದ ವಸ್ತು ನೋಡಬೇಕು.

ಆದರೆ ಚಿತ್ರ ಎದುರಿನಿಂದ ಮಾತ್ರ ತೆಗೆದದ್ದು. ಹಿಂದೆ ಹೇಗಿದೆ, ಕೊಂಬು ಮೇಲಕ್ಕೆ ಎದ್ದಿವೆಯೋ ಹಿಂದಕ್ಕೆ ಬಾಗಿವೆಯೋ ತಿಳಿಯಲಿಲ್ಲ. ಕಿಲಾರಿ ಎತ್ತಿನಂತೆಯೋ, ಎಮ್ಮೆಯಂತೆಯೋ? ಹಾಳೆಯನ್ನು ಬೆಳಕಿಗೆ ಹಿಡಿದು ಹಿಂಬದಿಯಿಂದಲೂ ನೋಡಿದೆ. ಅಲ್ಲಿ ಒಂದು ಹಡಗಿತ್ತು. ಪುಸ್ತಕ ಕಟ್ಟಿಕೊಂಡು ಸವಣೂರಿಗೆ ಹೋದೆ.

ಉಸ್ತಾದರಿಗೆ ಆಗ ಕಣ್ಣು ಮಂಜಾಗಿದ್ದವು. ಚಿತ್ರ ಮೂಗಿಗೆ ಹಚ್ಚಿಕೊಂಡು ನೋಡಿದರು.

“ಇದೇನಲೇ ಬೇಟಾ, ಸೈತಾನಂದು ಟೋಪಿ ಏನು?”

“ಮನಷ್ಯಾಂದಂತ್ರಿ ಉಸ್ತಾದ್.”

“ಯಾರದಾರ ಆಗ್ಲಿ, ನಮಗೇನು? ಗುಮ್ಮಟ ಒಂದ ತಗಡಿನ್ಯಾಗ ಎಬ್ಬಸಾಕ ಹೋಗಬ್ಯಾಡ, ಹರೀತೈತಿ. ನಾಕ ತುಂಡು ಮಾಡು, ಮ್ಯಾಲೆ ಪಟ್ಟಿ ಕೂಡ್ರಸಿ ರಿವೆಟ್ ಹೊಡಿ. ತೆಲಿ ಅಳತಿ ಮೊದಲ ತಗೋ. ನಾ ಬಯಲಾಟದವರಿಗೆ ಎಷ್ಟು ಕಿರೀಟ ಮಾಡಿ ಕೊಟ್ಟೇನಿ, ಒಂದೂ ಜಾರಿಲ್ಲ.”

ಅವರು ಕಿರೀಟಕ್ಕೆ ಅಳತೆ ತೆಗೆಯುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಆಟದವನು ತಲೆಗೆ ಅರಿವೆ ಬಿಗಿದುಕೊಂಡು ಬಂದು ಕುಂದರುತ್ತಿದ್ದ, ಉಸ್ತಾದರು ಅದರ ಮೇಲೆ ದಾರ ಸುತ್ತಿ ಗಂಟು ಹಾಕುತ್ತಿದ್ದರು. ರಾಜನ ಪಾರ್ಟು ಮಾಡುವವನು ನಮ್ಮ ಸಂತೆಯ ಹಮಾಲ. ಅವನು ಹುಟ್ಟಿದಾಗಿನಿಂದ ರುಮಾಲು ಬಿಚ್ಚಿದ್ದನ್ನು ನಾನಂತೂ ಕಂಡಿರಲಿಲ್ಲ. ಚೀಲ ಇಳಿಸಿ ನಿಂತವನ ತಲೆಗೆ ದಾರ ಸುತ್ತಿ ಗಂಟು ಹಾಕಿದೆ.

“ಬಿಗಿ ಆಗೇತೇನೋ ಅಣ್ಣಾ?”

“ಛಲೋ ಆಗೇತಿ. ಇದನ್ನ ಹಾಕ್ಕೊಂಡು ಚೀಲಾ ಹೊರಬಹುದೇನು?”

“ಕೊಂಬಿರ್ತಾವ.”

“ಹಂಗಾರ ಚೀಲಾ ನಿಲ್ಲತೈತಿ ಬಿಡು.”

ಶಿಗ್ಗಾಂವಿಯ ಹಳೇ ಕಬ್ಬಿಣದ ಮೋಡಕಾ ಅಂಗಡಿಯಿಂದ ಒಂದು ಡಾಂಬರಿನ ಡ್ರಮ್ಮು ತಂದು, ಸುಟ್ಟು, ಕೆರೆದು, ಉಳಿ ಹಚ್ಚಿ ಸೀಳಿದೆ. ನಾಲ್ಕು ಮುಮ್ಮೂಲೆ ತುಂಡು ಕತ್ತರಿಸಿದೆ. ಗುಮ್ಮಟದ ಬಾಗು ಬರಬೇಕಾದರೆ ಕುಣಿಯೊಳಗಿಟ್ಟು ಬಡಿಯಬೇಕು. ನಮ್ಮ ಮನೆಯಲ್ಲಿ ಅಂಥ ಕುಣಿ ಅಂದರೆ ಅವ್ವನ ಒರಳೊಂದೇ. ತುಂಡನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ತಣಿಸಿ, ಒರಳಿನಲ್ಲಿಟ್ಟು ಕಟ್ಟಿಗೆ ಕೊಡತಿಯಿಂದ ಬಡಿದೆ. ನೆರಿಗೆ ಬಂತು, ಸುತ್ತಿಗೆಯಿಂದ ನೆರಿಗೆ ಕೂಡಿಸಿದೆ. ಮತ್ತೆ ಕಾಯಿಸಿದೆ, ಮತ್ತೆ ಬಡಿದೆ. ಒಂದು ತುಂಡಿಗೆ ಎರಡು ದಿವಸ.

“ಖಾರಾ ಕುಟ್ಟೂ ಒರಳಾಗ ಡಾಂಬರ ಕುಟ್ಟಾಕತ್ತಿಯಲ್ಲೋ!” ಅಂತ ಅವ್ವ ಬೈದಳು. “ಇದರಿಂದ ಸೊಸಿ ಬರ್ತಾಳೇನು?”

“ಬರ್ತಾಳಬೇ.”

“ಯಾರಿಗೊತ್ತಪಾ. ಕೊಂಬಿನ ಟೊಪಗಿ ಕೊಟ್ಟು ಹೆಂಡ್ತೀನ ಕರಕೊಂಬಂದವರನ್ನ ನಾ ನೋಡಿಲ್ಲ.”

ಹಣೆಯ ಸುತ್ತ ಒಂದು ಪಟ್ಟಿ, ನೆತ್ತಿಯ ಮೇಲೆ ಅಡ್ಡ ಉದ್ದ ಎರಡು ಪಟ್ಟಿ, ಮೂಗಿಗೊಂದು. ಮೊಳೆಗಳನ್ನು ತುಂಡು ಮಾಡಿ ರಿವೆಟ್ ಹೊಡೆದೆ. ಕೊಂಬಿಗೆ ಲಾಳಿಕಿಯಂಥ ತುಂಡುಗಳನ್ನು ಓರೆಯಾಗಿ ಕತ್ತರಿಸಿ ಒಂದರೊಳಗೊಂದು ಕೂಡಿಸಿ ಬಾಗಿಸಿದೆ. ಕಿಲಾರಿ ಎತ್ತಿನಂತೆಯೇ ಮಾಡಿದೆ, ಅದು ನೋಡಲು ಗಂಭೀರ. ಕಿವಿಯ ಮೇಲೆ ಎರಡು ತೂತು ಕೊರೆದು ಕೂಡಿಸಿದೆ. ಕೊನೆಗೆ ಒಳಗಿನಿಂದ ಎಲ್ಲಾ ಸಂದಿಗೂ ನವಸಾಗರ ಹಚ್ಚಿ ಬೆಸುಗೆ ಎಳೆದೆ. ಮಾಸ್ತರು ಬಂದು ಬಡಿದು ನೋಡಿದರು. ಖಣ್ ಅಂದಿತು.

“ಎಲ್ಲಾ ಛಲೋ. ಒಳಗ ಬೆಸುಗಿ ಯಾಕ?”

“ಇಲ್ಲಾಂದ್ರ ಸೋರತೈತಲ್ರಿ.”

“ಏನು ಸೋರತೈತಿ?”

ಸಂದಿ ಬಿಟ್ಟು ಕೆಲಸ ಮುಗಿಸುವುದು ನನಗೆ ಗೊತ್ತಿದ್ದಿಲ್ಲ, ಅಷ್ಟೇ.

ವಾರ ಬಿಟ್ಟು ಮಾಸ್ತರು ಮತ್ತೆ ಬಂದರು. ಧಾರವಾಡದ ಗೆಳೆಯರೊಬ್ಬರು ಪತ್ರ ಬರೆದಿದ್ದರಂತೆ, ಆ ಜನ ಕೊಂಬು ಹಾಕಿಕೊಳ್ಳುತ್ತಲೇ ಇರಲಿಲ್ಲವಂತೆ.

“ಹಂಗಾರ ಚಿತ್ರದಾಗ?”

“ಚಿತ್ರಾ ಬರದಾಂವ ಸುಳ್ಳ ಬರದಾನಂತ. ಕೊಂಬು ತಗಿ.”

ಪುಸ್ತಕ ಅಚ್ಚು ಹಾಕಿದವರೂ ಸುಳ್ಳು ಹೇಳುತ್ತಾರೆಯೇ ಎಂದು ನನಗೆ ಗಲಿಬಿಲಿಯಾಯಿತು. ಕೊಂಬು ತೆಗೆದೆ. ಎರಡು ತೂತು ಉಳಿದವು. ಅವಕ್ಕೆ ತಗಡು ಕೂಡಿಸಿ, ಬೆಸುಗೆ ಹಾಕಿ, ಅರದಿಂದ ತಿಕ್ಕಿ, ಮಸಿ ಎಣ್ಣೆ ಹಚ್ಚಿದೆ. ನಾಟಕದ ದಿನ ಮುಂಜಾನೆ ಮಾಸ್ತರು ಮತ್ತೆ ಓಡಿ ಬಂದರು.

“ಕೊಂಬು ಇರಲೋ ತಮ್ಮಾ. ಕೊಂಬಿಲ್ಲಂದ್ರ ಮಂದಿ ಅಂವನ್ನ ಪೊಲೀಸ ಅನಕೋತಾರ.”

ಮತ್ತೆ ತೂತು ಕೊರೆಯಲು ನನ್ನ ಕೈ ಒಪ್ಪಲಿಲ್ಲ. ಒಂದು ಚರ್ಮದ ಪಟ್ಟಿಗೆ ಕೊಂಬು ಹೊಲಿದು ಟೊಪಗಿಯ ಸುತ್ತ ಬಿಗಿದೆ.

ಕರೆಂಟಿನ ಭರವಸೆ ಇಲ್ಲವೆಂದು ನಾಟಕ ಮಧ್ಯಾಹ್ನವೇ ಇಟ್ಟಿದ್ದರು. ಮಾವ ಹಾನಗಲ್ಲಿನಿಂದ ಬಂದು ಮುಂದಿನ ಸಾಲಿನಲ್ಲಿ ಕುಂತಿದ್ದರು. ನಾನು ಪರದೆಯ ಬದಿಗೆ ನಿಂತಿದ್ದೆ. ಹಮಾಲ ಕೈಯಲ್ಲಿ ಕಟ್ಟಿಗೆಯ ಕೊಡಲಿ ಹಿಡಿದು, ತಲೆಯ ಮೇಲೆ ನನ್ನ ಟೊಪಗಿ ಇಟ್ಟುಕೊಂಡು ಹೊರಗೆ ಹೋದ. ಮಂದಿ ಹೋ ಅಂದರು. ಮಾವ ಕತ್ತು ಮುಂದೆ ಚಾಚಿದ್ದು ಕಂಡಿತು.

“ಎಲೈ ದ್ವೀಪದ ಜನಗಳಿರಾ!” ಅಂತ ಹಮಾಲ ತಲೆ ಎತ್ತಿ ಅಂದ. ಟೊಪಗಿ ಜಾರಿ ಕಣ್ಣು ಮುಚ್ಚಿತು. ಅವನು ತಲೆ ಕೊಡವಿದ, ಅದು ಗಲ್ಲದವರೆಗೆ ಇಳಿಯಿತು. ಉಳಿದ ಮಾತೆಲ್ಲಾ ಒಳಗಿನಿಂದಲೇ ಗುಂಯ್ ಅಂತ ಬಂದವು.

“ಏ, ಕೊಡದಾಗಿಂದ ಮಾತಾಡಾಕತ್ತಾನಲೇ!”

“ಹೊರಗ ತಗೀರೋ, ಉಸರ ಕಟ್ಟಿ ಸತ್ತಗಿತ್ತಾನು!”

ಕಣ್ಣು ಕಾಣದ ರಾಜ ಸೀದಾ ಹೋಗಿ ತನ್ನದೇ ರಟ್ಟಿನ ಹಡಗನ್ನು ತುಳಿದ. ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಪರದೆ ಇಳಿಸಬೇಕಾಯಿತು.

ಕಿಸೆಯಲ್ಲಿ ಅಳತೆಯ ದಾರ ಇತ್ತು, ತೆಗೆದು ಟೊಪಗಿಗೆ ಸುತ್ತಿದೆ. ಗಂಟಿಗೆ ಗಂಟು ಸರಿ. ದಾರ ತಪ್ಪಿಲ್ಲ, ತಗಡು ತಪ್ಪಿಲ್ಲ, ಒಂದು ತಿಂಗಳಲ್ಲಿ ಮನುಷ್ಯನ ತಲೆ ಹೇಗೆ ಸಣ್ಣದಾಯಿತು? ಹಮಾಲನನ್ನು ನೋಡಿದೆ. ಬೋಳು ತಲೆ, ಮಿಂಚುತ್ತಿತ್ತು. ಅವನ ರುಮಾಲು ಹಿಂದೆ ಮೊಳೆಗೆ ತೂಗುತ್ತಿತ್ತು.

“ಮಾಸ್ತರು ತಗಿ ಅಂದ್ರು. ವೈಕಿಂಗ್ ಮಂದಿ ರುಮಾಲು ಸುತ್ತಂಗಿಲ್ಲಂತ,” ಅಂದ.

ಮಾಸ್ತರು ಟೊಪಗಿಯನ್ನು ನನ್ನ ಎದೆಗೆ ಒತ್ತಿದರು. “ತಗೊಂಡ ಹೋಗು ನಿನ್ನ ಹಂಡೇನ!” ನಾಟಕ ಮುಂದುವರಿಯಿತು, ಹಡಗುಗಳ್ಳರ ರಾಜ ರುಮಾಲು ಸುತ್ತಿಕೊಂಡೇ ಊರು ಸುಲಿದ.

ಅಷ್ಟರಲ್ಲಿ ಮಾವ ಪರದೆಯ ಹಿಂದೆ ಬಂದರು. ಮುಖ ಎತ್ತಿ ನೋಡುವ ಧೈರ್ಯ ನನಗಿರಲಿಲ್ಲ. ಅವರು ಟೊಪಗಿ ಇಸಿದುಕೊಂಡು ಕುಕ್ಕರಗಾಲಿನಲ್ಲಿ ಕುಂತರು.

“ಈ ಕೊಂಬ್ಯಾಕ ಪಟ್ಟಿಗೆ ಕಟ್ಟೀರಿ?”

ಕೊಂಬು ಹಾಕಿದ್ದು, ತೆಗೆಸಿದ್ದು, ತೂತು ಮುಚ್ಚಿದ್ದು ಎಲ್ಲಾ ಹೇಳಿದೆ. ಅವರು ಪಟ್ಟಿ ಬಿಚ್ಚಿ ಬದಿಗಿಟ್ಟರು. ಟೊಪಗಿ ಬೋರಲು ಮಾಡಿ, ಮೂಗಿನ ಪಟ್ಟಿ ಹಿಡಿದು ಎತ್ತಿ ತೂಗಿದರು.

“ಹಿಡಿಕೀನೂ ಐತಿ.”

ಪಾತ್ರಧಾರಿಗಳಿಗೆ ಕುಡಿಯಲು ಇಟ್ಟಿದ್ದ ಕೊಡದಿಂದ ಅದಕ್ಕೆ ಅಂಚಿನತನಕ ನೀರು ತುಂಬಿ, ಎರಡು ಇಟ್ಟಂಗಿಯ ನಡುವೆ ಇಟ್ಟು ಬೀಡಿ ಹಚ್ಚಿದರು. ಬೀಡಿ ಮುಗಿಯುವತನಕ ಅದರ ತಳವನ್ನೇ ನೋಡುತ್ತಾ ಕುಂತರು. ಆಮೇಲೆ ತಳಕ್ಕೆ ಕೈ ಹಾಕಿ ಸವರಿ, ಅಂಗೈ ನೋಡಿಕೊಂಡರು. ಒಣಗಿತ್ತು.

“ತೂತು ಎಲ್ಲಿದ್ವು ಅಂದ್ರಿ?”

“ಕಿವಿ ಮ್ಯಾಲ್ರಿ.”

“ತೋರಸ್ರಿ.”

ಹುಡುಕಿದೆ. ಮಾಡಿದವನು ನಾನೇ, ನನಗೇ ಬೇಗ ಸಿಗಲಿಲ್ಲ. ಮಾವ ನೀರು ಚೆಲ್ಲಿ, ಒರೆಸಿ, ಟೊಪಗಿಯನ್ನು ಚೀಲಕ್ಕೆ ಹಾಕಿಕೊಂಡರು. “ಇದು ನಂಗಿರ್ಲಿ,” ಅಂದು ಬಸ್ಸಿಗೆ ನಡೆದರು. ಕೊಂಬು ಅಲ್ಲೇ ಬಿದ್ದಿದ್ದವು. ಸಿಟ್ಟು ಮಾಡಿಕೊಂಡರೋ, ಕನಿಕರ ಪಟ್ಟರೋ, ಒಂದೂ ತಿಳಿಯಲಿಲ್ಲ. ಮನೆಗೆ ಬಂದಾಗ ಅವ್ವ ಏನಾಯಿತು ಅಂತ ಕೇಳಿದಳು. ಮಾವ ಟೊಪಗಿ ಒಯ್ದರು ಅಂದೆ.

ನಾಲ್ಕನೆಯ ದಿವಸ ಮಾವ ಬಂದರು. ಹಿಂದೆ ಕೂಸನ್ನು ಎತ್ತಿಕೊಂಡು ಹೆಂಡತಿ, ಅವಳ ಟ್ರಂಕು ಮಾವನ ತಲೆಯ ಮೇಲೆ. ಚಾ ಕುಡಿಯುವಾಗ ತಡೆಯದೆ ಕೇಳಿದೆ.

“ಮಾವಾರ, ನನ್ನದು ಅನ್ನೋ ವಸ್ತು ತೋರಸು ಅಂದಿದ್ರಿ. ಅದು ತೆಲಿಗೆ ಕೂಡಲಿಲ್ಲ. ಮಂದಿ ನಕ್ರು. ಮತ್ತ...”

“ಎಮ್ಮಿಗೆ ಹತ್ತಿಕಾಳು ನೆನಿ ಇಟ್ಟೇನಿ ಅದರಾಗ,” ಅಂದರು. “ಮೂರು ದಿನಾತು.”

ಅದೇ ಉತ್ತರ. ಸಂಜೆ ಬಸ್ಸಿಗೆ ಅವರು ಹೋದ ಮೇಲೆ ಹೆಂಡತಿಯನ್ನು ಕೇಳಿದೆ.

“ನಂಗೂ ಏನೂ ಹೇಳಿಲ್ಲ. ಎಮ್ಮಿ ಮುಂದ ಇಡೂಮುಂದ ಓಣ್ಯಾಗ ಹಾದು ಹೋಗವರನ್ನ ಕರೀತಾನ. ಇದರಾಗ ಎರಡು ತೂತು ಅದಾವ, ಹುಡಕ್ರಿ ನೋಡೂಣು ಅಂತಾನ. ನಮ್ಮ ಅಳ್ಯಾ ಮಾಡಿದ್ದು ಅಂತಾನ.”

“ಏನು ಮಾಡಿದ್ದು ಅಂತಾರ?”

“ಬೋಗಾಣಿ.”

ನನಗೆ ಸಿಟ್ಟು ಬಂತು, ನಗುವೂ ಬಂತು. ಎಂಟು ದಿವಸ ಒರಳಿನಲ್ಲಿ ಬಡಿದದ್ದು ಸಮುದ್ರದ ರಾಜನ ಟೊಪಗಿ, ಅದನ್ನು ಅಡಿಗೆಮನೆಯ ಪಾತ್ರೆಯಂತೆ ಬೋಗಾಣಿ ಅಂದರೆ ಹೇಗೆ? ತ್ಯಾಪಿ ಹಚ್ಚುವವನು ಅಂತ ಮಗಳನ್ನು ಕಳಿಸದೆ ಕುಂತವರು, ಅದೇ ತ್ಯಾಪಿಯನ್ನು ಓಣಿಯವರಿಗೆಲ್ಲಾ ತೋರಿಸುವುದು ಯಾಕೆ? ಆ ಜನಕ್ಕೆ ಕೊಂಬು ಇತ್ತೋ ಇಲ್ಲವೋ ಅನ್ನುವುದೂ ನನಗೆ ಇವತ್ತಿಗೂ ಪಕ್ಕಾ ಗೊತ್ತಿಲ್ಲ. ಕೇಳಿದವರೆಲ್ಲಾ ಒಂದೊಂದು ಹೇಳುತ್ತಾರೆ. ಮಾವನನ್ನು ಮತ್ತೊಮ್ಮೆ ಕೇಳಬೇಕು ಅಂತಿದ್ದೆ, ಅವರಿರುವತನಕ ಕೇಳಲು ಬಾಯಿ ಬರಲಿಲ್ಲ.

ಈಗ ನನ್ನ ಹತ್ತಿರ ಹಿರೇಕೆರೂರಿನಲ್ಲಿ ಒಂದು ಮನೆ ಇದೆ, ರಸ್ತೆಗೆ ಮುಖ ಮಾಡಿದ ಒಂದು ಅಂಗಡಿ ಇದೆ. ಹೆಂಡತಿ ಇದ್ದಾಳೆ. ಮೂವರು ಮಕ್ಕಳು, ಐವರು ಮೊಮ್ಮಕ್ಕಳು. ನಾಲ್ಕು ಕತ್ತರಿ, ಆರು ಸುತ್ತಿಗೆ, ಎರಡು ಅರ.