ಮದ್ದಿಲ್ಲದ ತೋಟಾ

"ಮ್ಯಾಗ್ನಮ್ ತೋಟಾನೇ ಇರಲಿ ಅಂಕಲ್, ಹೊಡೆತ ಜೋರು. ಈಗ ಜಿಂಕೆಗಾಗುತ್ತೆ, ನಾಳೆ ನ್ಯೂಜಿಲೆಂಡಿಗೆ ಹೋದರೆ ಕುದುರೆಯಷ್ಟಿರೋ ಎಲ್ಕ್‌ಗೂ ಆಗುತ್ತೆ," ಎಂದ ಮಹೇಶ. ಬ್ರಿಸ್ಬೇನಿನಲ್ಲಿ ನಮ್ಮ ಪಕ್ಕದ ಮನೆಯವನು. ಶೂಟಿಂಗ್ ರೇಂಜಿಗೆ ತನ್ನ ಎರಡೂ ರೈಫಲ್ ತಂದಿದ್ದ. ನನ್ನ ಮೊಮ್ಮಗಳು ದಿವ್ಯಾಳಿಗೆ ಮುಂದಿನ ವಾರ ಮೊದಲ ಬೇಟೆ. ಜಿಂಕೆ ಗಾಯಗೊಂಡು ಓಡಿ, ಎಲ್ಲೋ ನರಳಿ ಸಾಯಬಾರದು ಎಂಬುದೊಂದೇ ಅವಳ ಚಿಂತೆ.

ಮ್ಯಾಗ್ನಮ್ಮಿನಲ್ಲಿ ಮೂರು ಗುಂಡು ಹೊಡೆದಳು. ನಾಲ್ಕನೆಯದಕ್ಕೆ ನಾನು ಹೇಳದೆ ಮದ್ದಿಲ್ಲದ ಡಮ್ಮಿ ತೋಟಾ ತುಂಬಿಕೊಟ್ಟೆ. ಸೈನ್ಯದಲ್ಲಿ ಹೊಸಬರನ್ನು ಹೀಗೇ ಪರೀಕ್ಷಿಸುತ್ತಿದ್ದೆ. ಗುಂಡು ಹಾರಲಿಲ್ಲ. ಆದರೂ ಗುಂಡು ಹಾರುವಾಗಿನ ಒದೆತಕ್ಕೆ ಹೆದರಿದ ಅವಳ ಕೈ ನಳಿಗೆಯನ್ನು ಕೆಳಗೆ ಬಗ್ಗಿಸಿತು.

"ದಟ್ಸ್ ಚೀಟಿಂಗ್, ತಾತ!"

"ಮೋಸ ಮಾಡಿದ್ದು ನಿನ್ನ ಕೈ."

ಇನ್ನೊಂದು ರೈಫಲ್ ತ್ರೀ ನಾಟ್ ಎಯ್ಟ್, ಒದೆತ ಕಡಿಮೆ. ಅದರಲ್ಲೂ ನಡುವೆ ಡಮ್ಮಿ ಹಾಕಿದೆ. ನಳಿಗೆ ಕೂದಲೆಳೆಯಷ್ಟೂ ಅಲುಗಲಿಲ್ಲ. ನನ್ನ ಎದೆ ಉಬ್ಬಿತು.

"ತೋಟಾ ಚಿಕ್ಕದಾಯ್ತಲ್ವಾ ಅಂಕಲ್?"

"ಜಿಂಕೆಗೆ ಧಾರಾಳ. ಎಲ್ಕ್ ಬಂದಾಗ ನೋಡೋಣ."

ದಿವ್ಯಾ ಬೇಟೆಗೆ ತ್ರೀ ನಾಟ್ ಎಯ್ಟ್ ತೋಟಾಗಳ ಹೊಸ ಡಬ್ಬಿ ಒಯ್ದಳು. ಅದರಲ್ಲಿದ್ದದ್ದು ಇಪ್ಪತ್ತು. ಜಿಂಕೆ ನಿಂತಲ್ಲೇ ಬಿತ್ತು. ಹತ್ತೊಂಬತ್ತು ವಾಪಸ್ ಬಂದವು.