ಗಾಂಧಾರದ ಜಾಗ

ಸುಂದರಾಬಾಯಿ ಅಕ್ಕೋರು ನಮಗೆ ಹಾಡು ಕಲಿಸಿದರು. ಆದರೆ ಅವರು ಹಾಡಿದ್ದನ್ನು ನಾವು ಯಾರೂ ಕೇಳಿರಲಿಲ್ಲ. ಹೀಗೆಂದರೆ ಈಗಿನವರು ನನ್ನ ಮುಖ ನೋಡುತ್ತಾರೆ, ಶಾಂತಮ್ಮನಿಗೆ ಅರಳು ಮರಳು ಅಂತ. ನೋಡಲಿ. ಖಾನಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರ ಕೈ ಕೆಳಗೆ ಕಲಿತವಳು ನಾನು, ಈಗಿನವರಲ್ಲ.

ಅಕ್ಕೋರು ಜೈನರು. ಸಣ್ಣವರಿದ್ದಾಗ ಬಸದಿಯಲ್ಲಿ ಆರತಿಗೆ ದನಿ ತೆಗೆದರೆ, ಮನೆಗೆ ಹೊರಟವರೂ ಬಾಗಿಲಲ್ಲಿ ನಿಲ್ಲುತ್ತಿದ್ದರಂತೆ. ಬೆಳಗಾವಿಗೆ ಮದುವೆ ಮಾಡಿ ಕೊಟ್ಟರು. ಊರೂರಿಗೆ ಜ್ವರ ಬಂದು ಮನೆಗಳು ಬರಿದಾದ ವರ್ಷ ಗಂಡ ತೀರಿಕೊಂಡ. ತಲೆಯ ಮೇಲೆ ಸೆರಗು ಹೊದ್ದು ಅಣ್ಣ ಜಿನಪಾಲನ ಮನೆಗೆ ಮರಳಿದರು. ಅಣ್ಣನದು ಖಾನಾಪುರ ಪೇಟೆಯಲ್ಲಿ ಅರಿವೆ ಅಂಗಡಿ, ಅದರ ಹಿಂದೆಯೇ ಮನೆ. ಆ ಮನೆಯ ಒಳಕೋಣೆಯಲ್ಲಿ ಕೆಲವು ವರ್ಷ ಕಳೆದ ಮೇಲೆ ಶಾಲೆಯ ಕೆಲಸ ಸಿಕ್ಕಿತು. ಬೆಳಕಿಗೆ ಬರಲು ಅವರಿಗಿದ್ದ ಬಾಗಿಲು ಅದೊಂದೇ.

ಜಿನಪಾಲ ಕೆಟ್ಟವನಲ್ಲ, ಮಂದಿಯ ಬಾಯಿಗೆ ಹೆದರುವವನು. ಹಾಡುವ ಹೆಂಗಸೆಂದರೆ ನಾಟಕ ಕಂಪನಿಯವಳು ಎಂದು ತಿಳಿದಿದ್ದ ಕಾಲ. "ಸಾಲಿಗೆ ಹೋಗು ಸುಂದರಾ, ಬ್ಯಾಡನ್ನೂದಿಲ್ಲ. ಆದ್ರ ಅಲ್ಲಿ ನೀ ಹಾಡಬಾರದು. ಹಾಡಿದಿ ಅಂದ್ರ ಅವತ್ತ ಸಾಲಿ ಬಿಡಸ್ತೀನಿ" ಅಂದ. ಅಕ್ಕೋರು ಮಾತು ಕೊಟ್ಟರು. ಶಾಲೆಗೆ ಬಂದು ನೋಡಿದರೆ ಹಾಡಿನ ತಾಸನ್ನು ಅವರಿಗೇ ಹಚ್ಚಿದ್ದರು!

ಬಾಯಿ ತೆರೆಯದೆ ಹಾಡು ಕಲಿಸುವುದು ಹೇಗೆ? ಮನೆಯಿಂದ ಒಂದೊಂದು ಹಿತ್ತಾಳೆ ತಂಬಿಗೆ ತರಲು ನಮಗೆ ಹೇಳಿದರು. ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ ನೀರು ತುಂಬಿ, ಕಡ್ಡಿಯಿಂದ ಬಡಿದು ನೋಡಿ ಸ್ವರ ಕೂಡಿಸಿದರು. ಕಣ್ಣು ಮುಚ್ಚಿಕೊಂಡು ಯಾವ ತಂಬಿಗೆ ನುಡಿಯಿತೆಂದು ಹೇಳುವುದು ನಮ್ಮ ಮೊದಲ ಆಟ. ಒಂದು ದಿನ ಪಂಚಮದ ತಂಬಿಗೆ ಎಷ್ಟು ಬಡಿದರೂ ಕೂಡಲಿಲ್ಲ. ವಿಚಾರಿಸಿದರೆ, ಗೆಳತಿ ಪದ್ಮವ್ವ ನೀರಡಿಸಿ ಅರ್ಧ ಪಂಚಮ ಕುಡಿದುಬಿಟ್ಟಿದ್ದಳು. ಅಕ್ಕೋರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಪಂಚಮ ಅವಳಿಗೇ ಖಾಯಂ ಆಯಿತು.

ಆಮೇಲೆ ನಾವೇ ತಂಬಿಗೆಗಳಾದೆವು. ಏಳು ಹುಡುಗಿಯರು ಸಾಲಾಗಿ ನಿಲ್ಲಬೇಕು, ಅಕ್ಕೋರ ಕೈ ಯಾರ ತಲೆ ಮುಟ್ಟುತ್ತದೋ ಅವಳು ತನ್ನ ಸ್ವರ ಹಾಡಬೇಕು. ಮರಾಠಿ ಮನೆಯ ಅಲಕಾ ಮಾತು ಮಾತಿಗೆ "ಕಾಯ್ ಗ, ಯೇ ಗ" ಅನ್ನುತ್ತಿದ್ದಳು, ಅವಳಿಗೆ "ಗ", ಅಂದರೆ ಗಾಂಧಾರ. ನಾನು ಎಲ್ಲರಿಗೂ "ನೀ ತಾ, ನೀ ಮಾಡು" ಎಂದು ಅಪ್ಪಣೆ ಕೊಡುತ್ತಿದ್ದೆ, ನನಗೆ "ನಿ", ನಿಷಾದ. ಕೈ ಓಡಿದಂತೆ ಹಾಡು ಓಡುತ್ತಿತ್ತು. ಒಂದೇ ಒಂದು ಕಟ್ಟಳೆ: ಒಬ್ಬಳ ಸ್ವರ ಇನ್ನೊಬ್ಬಳು ತೆಗೆದುಕೊಳ್ಳುವಂತಿಲ್ಲ. ಬಾರದವಳ ಜಾಗ ಖಾಲಿ ಬಿಡಬೇಕು, ಕೈ ಅಲ್ಲಿಗೆ ಬಂದಾಗ ಎಲ್ಲರೂ ಸುಮ್ಮನೆ ಕಾಯಬೇಕು. "ಇಲ್ಲದಾಕಿನ್ನೂ ಎಣಿಸಬೇಕವಾ" ಅನ್ನುತ್ತಿದ್ದರು. ಅವರು ಯಾರನ್ನು ನೆನೆದು ಹಾಗನ್ನುತ್ತಿದ್ದರೋ, ಕೇಳುವ ಬುದ್ಧಿ ಆಗ ನಮಗಿರಲಿಲ್ಲ.

ಇಪ್ಪತ್ತೇಳನೆಯ ಇಸವಿಯ ಚಳಿಗಾಲದಲ್ಲಿ ಬೆಳಗಾವಿಯಲ್ಲಿ ಶಾಲೆಗಳ ಕೂಟ. ನಮ್ಮ ಏಳು ಜನರ ಹಾಡೂ ಇತ್ತು. ಹೊರಡುವ ವಾರದಲ್ಲೇ ಅಲಕಾಳ ಮದುವೆ ಗೊತ್ತಾಗಿ, ಅರಿಶಿನ ಹಚ್ಚಿ ಕೂರಿಸಿದರು. ನಮ್ಮದೇ ವಯಸ್ಸು ಅವಳದು, ಇನ್ನೂ ಹಲ್ಲಿ ಕಂಡರೆ ಕಿರಚುತ್ತಿದ್ದಳು. ಆರು ಜನ ರೈಲು ಹತ್ತಿದೆವು. ಜೊತೆಗೆ ಅಕ್ಕೋರು, ಅವರ ಕಾವಲಿಗೆ ಜಿನಪಾಲ.

ಬೆಳಗಾವಿಯ ದಂಡಿನ ಕ್ಯಾಂಪಿನಲ್ಲಿದ್ದ ಹಾಲ್ ತುಂಬ ಜನ. ಗಾಂಧಾರದ ಜಾಗ ಬಿಟ್ಟು ಸಾಲಾಗಿ ನಿಂತೆವು. ಸಾ, ರೇ, ಆಮೇಲೆ ಸುಮ್ಮನೆ. ಮತ್ತೆ ಹಾಡು ಅಲ್ಲಿಗೆ ಬಂತು, ಮತ್ತೆ ಸುಮ್ಮನೆ. ನಾವು ಮರೆತೆವೆಂದುಕೊಂಡು ಜನ ನಗಲು ಶುರು ಮಾಡಿದರು. ನಗುವವರ ಬಾಯಿಗೆ ಬೂದಿ ಹಾಕಬೇಕೆನ್ನುವಷ್ಟು ಸಿಟ್ಟು ನನಗೆ. ಪದ್ಮವ್ವ ಅಳತೊಡಗಿದಳು.

ಅಕ್ಕೋರು ನಮ್ಮ ಮುಂದಿನಿಂದ ಸರಿದು ಬಂದು ಆ ಖಾಲಿ ಜಾಗದಲ್ಲಿ ನಿಂತರು. ಒಂದು ಕೈ ಅತ್ತ, ಒಂದು ಕೈ ಇತ್ತ ಚಾಚಿ, ಅಲ್ಲಿಂದಲೇ ನಮ್ಮ ಸರದಿ ತೋರಿಸಿದರು. ಸಾ, ರೇ ಆಯಿತು. ಆಮೇಲೆ "ಗ" ಬಂತು, ಅವರ ಕೊರಳಿನಿಂದ. ಅಷ್ಟು ವರ್ಷ ಒಳಗಿಟ್ಟ ದನಿಗೆ ತುಕ್ಕು ಹಿಡಿದಿರಲಿಲ್ಲ. ನಗು ನಿಂತಿತು. ಹಾಡು ನನ್ನ ನಿಷಾದದವರೆಗೂ ಓಡಿತು. ಮೂಲೆಯಲ್ಲಿ ಜಿನಪಾಲ ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ.

ಮರಳುವಾಗ ರೈಲಿನಲ್ಲಿ ಅಣ್ಣನೇ ಒಂದು ದಾರಿ ಹುಡುಕಿದ.

"ಒಂದ ಸ್ವರಕ್ಕ ಹಾಡು ಅನ್ನೂದಿಲ್ಲ ಬಿಡು. ಯಾರರ ಕೇಳಿದ್ರ ಹಂಗ ಹೇಳೂಣು."

ಅಕ್ಕೋರು "ಹೂಂ" ಅಂದುಬಿಡಬಹುದಿತ್ತು. ನಾನಾಗಿದ್ದರೆ ಅನ್ನುತ್ತಿದ್ದೆ.

"ಇಲ್ಲ ಅಣ್ಣಾ. ಸುಳ್ಳ ಯಾಕ? ನಾ ಹಾಡೀನಿ."

ಮರುದಿನದಿಂದ ಅಕ್ಕೋರು ಶಾಲೆಗೆ ಬರಲಿಲ್ಲ. ತಂಬಿಗೆಗಳಲ್ಲಿ ನೀರು ಆರಿತು. ಹಾಡಿನ ತಾಸಿನಲ್ಲಿ ನಮಗೆ ಮಗ್ಗಿ ಹೇಳಿಸಿದರು. ನನಗೆ ತಡೆಯದಾಯಿತು. ಒಂದು ಬೆಳಿಗ್ಗೆ ಐವರನ್ನೂ ಕರೆದುಕೊಂಡು ಶಾಲೆಯ ದಾರಿ ಬಿಟ್ಟು ಅರಿವೆ ಅಂಗಡಿಗೆ ಹೋದೆ.

ಜಿನಪಾಲ ಗಿರಾಕಿಯೊಬ್ಬನಿಗೆ ಧೋತರ ಅಳೆಯುತ್ತಿದ್ದ. "ಏನ ಬೇಕಾಗಿತ್ತವಾ?"

"ಏನೂ ಬ್ಯಾಡ್ರಿ ಕಾಕಾ. ಹಾಡಾಕ ಬಂದೇವ್ರಿ."

ಕಟ್ಟೆಯ ಕೆಳಗೆ ಸಾಲಾಗಿ ನಿಂತೆವು, ನಡುವೆ ಜಾಗ ಬಿಟ್ಟು. ಅವತ್ತು ಕೈ ಆಡಿಸಿದವಳು ನಾನು. ಸಾ, ರೇ. ಸುಮ್ಮನೆ ಕಾದೆವು. ಮುಂದೆ ಹಾಡಿದೆವು, ಮತ್ತೆ ಆ ಜಾಗಕ್ಕೆ ಬಂದು ಕಾದೆವು. ಗಿರಾಕಿ ನಮ್ಮನ್ನೂ ಜಿನಪಾಲನನ್ನೂ ನೋಡಿದ. ಜಿನಪಾಲ ಅಳೆದ ಬಟ್ಟೆಯನ್ನೇ ಮತ್ತೆ ಅಳೆಯುತ್ತಿದ್ದ. ಮೂರನೆಯ ಸಲ ಖಾಲಿ ಜಾಗದ ಮೇಲೆ ಕೈ ಹಿಡಿದು ನಿಂತೆ.

ಅಂಗಡಿಯ ಹಿಂದಿನಿಂದ, ಒಳಕೋಣೆಯಿಂದ, "ಗ" ಬಂತು.

ನಾವು ಹಾಡು ಮುಗಿಸುವವರೆಗೂ ಜಿನಪಾಲ ತಲೆ ಎತ್ತಲಿಲ್ಲ. ಮುಗಿದ ಮೇಲೆ ಗಜಕೋಲು ಕೆಳಗಿಟ್ಟ, ಕಣ್ಣೊರೆಸಿಕೊಂಡ, ಒಳಗಿನ ಬಾಗಿಲಿಗೆ ಮುಖ ಮಾಡಿದ.

"ಸುಂದರಾ," ಅಂದ, "ಸಾಲಿಗೆ ಹೊತ್ತಾತು ನೋಡು. ಹುಡುಗ್ಯಾರು ಕಾಯಾಕತ್ತಾರ."