ಹಿತ್ತಲಿಗೆ ಹೋದ ಅವರೆಕಾಯಿ

ಹೆಬ್ಬಗೋಡಿಯ ಆ ಬಾಡಿಗೆ ಮನೆಯಲ್ಲಿ ನಮಗೂ ಮಾಲೀಕರಿಗೂ ಸೇರಿ ಒಂದೇ ಜಗಲಿ. ತೊಂಬತ್ತರ ದಶಕದ ನಡುವಿನ ಮಾತು. ಚಳಿ ಶುರುವಾಯಿತೆಂದರೆ ಮನೆಯೊಡತಿ ಅಲ್ಲಿ ಗೋಣಿಚೀಲ ಹಾಸಿ ಅವರೆಕಾಯಿ ಸುಲಿಯಲು ಕೂರುತ್ತಿದ್ದರು. ಪಿಯುಸಿ ಓದುತ್ತಿದ್ದ ನನ್ನ ಮಗಳು ಕಾಲೇಜಿನಿಂದ ಬಂದವಳೇ ಪುಸ್ತಕದ ಚೀಲ ಒಗೆದು ಅವರ ಪಕ್ಕ ಕೂತುಬಿಡುವಳು. ನಾನು ಒಳಗೆ ರೊಟ್ಟಿ ಬಡಿಯುವ ಸದ್ದಿನಲ್ಲಿ ಅವರ ನಗು ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಮಗಳು ತಾನೇ ತನ್ನ ಜೀವ ಕಳೆದುಕೊಂಡಳು. ಯಾಕೆಂದು ನಮಗೆ ಇಂದಿಗೂ ತಿಳಿದಿಲ್ಲ. ಧಾರವಾಡದ ಕಡೆಯಿಂದ ಬಂದ ನಂಟರು ಮಳೆ, ಬಸ್ಸು, ನನ್ನ ಸಕ್ಕರೆ ಕಾಯಿಲೆ ಎಲ್ಲ ಮಾತಾಡಿದರು. ಅವಳ ಹೆಸರೊಂದನ್ನು ಬಿಟ್ಟು. ನಮ್ಮ ಮನೆಯವರೂ ಫ್ಯಾಕ್ಟರಿಗೆ ಹೋಗಿ ಬಂದು, ಉಂಡು, ಪೇಪರು ಹಿಡಿದು ಕೂರುತ್ತಿದ್ದರು. ನನಗೋ, ಅವಳ ಬಗ್ಗೆ ನನಗೆ ಗೊತ್ತಿಲ್ಲದ್ದು ಏನಾದರೂ ಒಂದು ಯಾರಾದರೂ ಹೇಳಲಿ ಎಂಬ ಹಸಿವು.

ಮತ್ತೆ ಅವರೆಕಾಯಿ ಕಾಲ ಬಂತು. ಜಗಲಿ ಖಾಲಿ. ಆದರೂ ಕಾಯಿಯ ಸೊಗಡು ಎಲ್ಲಿಂದಲೋ ಬರುತ್ತಿತ್ತು. ಒಂದು ಭಾನುವಾರ ಹುಡುಕಿಕೊಂಡು ಹೋದೆ. ಹಿತ್ತಲಲ್ಲಿ, ಬಚ್ಚಲ ಗೋಡೆಯ ಮರೆಯಲ್ಲಿ ಮನೆಯೊಡತಿ ಒಬ್ಬರೇ ಸುಲಿಯುತ್ತಿದ್ದರು. ಅಂಥ ಸಾವಾದ ಮನೆಯೆಂದು ದೂರವಾದರೇ?

"ಯಾಕ್ರೀ ಅಕ್ಕಾರ, ಜಗಲಿ ಬಿಟ್ಟು ಇಲ್ಲಿ ಕುಂತೀರಿ?"

ಅವರು ತಬ್ಬಿಬ್ಬಾದರು. "ನಿಮ್ಗೆ ಇನ್ನೂ ವರ್ಸ ತುಂಬಿಲ್ವಲ್ಲಮ್ಮ. ವರ್ಸ ಆಗೋಗಂಟ ಅಬ್ಬ ಇಲ್ಲ, ಅರಿದಿನ ಇಲ್ಲ. ನಿಮ್ ಬಾಕ್ಲು ಮುಂದೆ ಕುಂತು ಅವರೆಕಾಯಿ ಅಂತ ಎಂಗೆ ಆಸೆ ಬೀಳೋದು?"

ನಾವು ಲಿಂಗಾಯತರು, ನಮ್ಮಲ್ಲಿ ಸೂತಕವೇ ಇಲ್ಲ. ನಾವು ಹಿಡಿಯದ ಸೂತಕವನ್ನು ನಮ್ಮ ಪರವಾಗಿ ಮನೆಯೊಡತಿ ಹಿಡಿದು ಕೂತಿದ್ದರು!

"ನಮ್ಮೊಳಗ ಅದೆಲ್ಲ ಇಲ್ರೀ," ಎನ್ನುತ್ತ ನಾನೂ ಕೂತು ಒಂದು ಹಿಡಿ ಕಾಯಿ ಎಳೆದುಕೊಂಡೆ. "ಏನ್ ಮಾತಾಡ್ತಿದ್ಲರೀ ಆಕಿ, ನಿಮ್ಮ ಕೂಡ?"

"ಬ್ಯಾಡ ಬುಡಮ್ಮ, ಅಳ್ತೀರ."

"ಅತ್ರ ಅಳ್ತೇನಿ. ಹೇಳ್ರೀ."

ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ನಿಮ್ಮನ್ನೇ ಆಡ್ಕೊಳ್ತಿದ್ಲು."

"ನನ್ನ? ಹೆಂಗ?"

ಅವರು ಸೊಂಟಕ್ಕೆ ಕೈಯಿಟ್ಟು ಕುತ್ತಿಗೆ ಕೊಂಕಿಸಿದರು. "'ಲಗೂ ಉಣ್ಣವಾ, ಹೊಟ್ಟಿ ಬೆನ್ನಿಗೆ ಹತ್ತೇತಿ!' ಅಂತ. ಆಮೇಕೆ ರೊಟ್ಟಿ ಬಡಿಯೋ ಅಂಗೆ ನನ್ ಬೆನ್ನಿಗೇ ಎರಡು ಬಡಿಯೋಳು, ತರಲೆ ಮುಂಡೇದು!"

ಹೆಬ್ಬಗೋಡಿಯ ಬಾಯಲ್ಲಿ ಧಾರವಾಡ ಅರ್ಧ ಮುರಿದಿತ್ತು. ಆದರೆ ಆ ಕುತ್ತಿಗೆಯ ಕೊಂಕು ನನ್ನದೇ. ಇಷ್ಟು ಗಮನವಿಟ್ಟು ನನ್ನನ್ನು ಯಾವಾಗ ನೋಡಿದ್ದಳು ಈ ಹುಡುಗಿ? ನಗು ಬಂತು, ಅದರ ಬೆನ್ನಿಗೇ ಅಳು. ಅವರು ಗಾಬರಿಯಿಂದ ಮೊರ ಎತ್ತಿಕೊಂಡು ಏಳಹೊರಟರು. ಸೆರಗು ಜಗ್ಗಿ ಕೂರಿಸಿದೆ.

"ಅವರಪ್ಪನ್ನೂ ಆಡ್ಕೊಳ್ತಿದ್ಲೇನ್ರೀ?"

"ಅಯ್ಯೋ, ಅವರ್ದು ಕೇಳ್ಬ್ಯಾಡಿ! ಅದು ಬ್ಯಾರೆನೇ ಐತೆ."

"ತಡೀರಿ," ಎಂದು ಕಣ್ಣೊರೆಸಿಕೊಂಡು, ಒಳಗೆ ಪೇಪರು ಹಿಡಿದು ಕೂತಿದ್ದ ಇವರನ್ನು ಕರೆತರಲು ಎದ್ದೆ.